ವಿಂಡೋಸ್ 11ರಿಂದ ಮರಳಿ 10ಕ್ಕೆ

ಪ್ರಶ್ನೆ: ವಿಂಡೋಸ್ 11 ಹಾಕಿದ ಮೇಲೆ ಮನೆಯ ಹಳೆ ಪ್ರಿಂಟರ್ ನಡೆಯುತ್ತಿಲ್ಲ. 10ಕ್ಕೆ ಮರಳಬಹುದೇ?
– ಓದುಗರು, ಬದಿಯಡ್ಕ

ಉತ್ತರ: 11 ಹಾಕಿ 10 ದಿನ ದಾಟಿಲ್ಲವಾದರೆ ಸುಲಭ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ. ಅಲ್ಲಿ ‘ಗೋ ಬ್ಯಾಕ್’ ಒತ್ತಿ. ನಿಮ್ಮ ಫೈಲುಗಳು ಉಳಿಯುತ್ತವೆ, 11 ಬಂದ ಮೇಲೆ ಹಾಕಿದ ಪ್ರೋಗ್ರಾಂಗಳು ಹೋಗುತ್ತವೆ. ಆ ಬಟನ್ ಮಸುಕಾಗಿದ್ದರೆ ಹಳೆ ವಿಂಡೋಸನ್ನು ಕಾದಿಟ್ಟಿರುವ ‘ವಿಂಡೋಸ್.ಓಲ್ಡ್’ ಫೋಲ್ಡರ್ ಅಳಿದಿರಬೇಕು. ಜಾಗ ಸಾಲದೆಂದು ಡಿಸ್ಕ್ ಕ್ಲೀನಪ್ ಮಾಡುವವರು ಅದನ್ನೇ ಮೊದಲು ಕಳೆಯುವುದು! ಆಗ 8 ಜಿಬಿ ಪೆನ್‌ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್‌ನ ‘ಮೀಡಿಯಾ ಕ್ರಿಯೇಶನ್ ಟೂಲ್’ ಎಂಬ ಪ್ರೋಗ್ರಾಂನಿಂದ 10 ತುಂಬಿಸಿ ಹೊಸದಾಗಿಯೇ ಹಾಕಬೇಕು. ಮೊದಲು ಫೋಟೋ, ದಾಖಲೆಗಳನ್ನು ಬೇರೆಡೆ ನಕಲಿಸಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟನ್ನು ನಂಬಿ ಯುಪಿಎಸ್ ಇಲ್ಲದೆ ಕೈಹಾಕಬೇಡಿ. ಇನ್ನೊಂದು ಮಾತು: 10ರ ಸಾಮಾನ್ಯ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್‌ ಇತ್ಯಾದಿ, 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬರೀ ಪ್ರಿಂಟರಿಗಾಗಿ ಆದರೆ, ತಯಾರಕರ ಜಾಲತಾಣದಿಂದ ಹೊಸ ಡ್ರೈವರ್ (ಪ್ರಿಂಟರನ್ನು ನಡೆಸುವ ಪ್ರೋಗ್ರಾಂ) ಹಾಕಿ ನೋಡುವುದೇ ಮೇಲು.