ಸ್ಕಾಟ್ಲೆಂಡ್ ಟೀಮಿನ ಮಾತು ಬಂದಾಗ ಅವರು ಯಾಕೆ ಸುಮ್ಮನಾದರು

ತಮ್ಮಾ, ಗ್ಲಾಸ್ಗೋಗೆ ಬಂದು ಎರಡು ತಿಂಗಳಾಯ್ತು ಅಂತ ಬರೆದಿದ್ದೀಯ. ಆಫೀಸಿನಲ್ಲಿ ಎಲ್ಲರಿಗೂ ಫುಟ್‌ಬಾಲ್ ಹುಚ್ಚು. ಊಟದ ಹೊತ್ತಿನಲ್ಲಿ "ನೀವೆಲ್ಲ ಸ್ಕಾಟ್ಲೆಂಡ್ ಟೀಮಿಗೇ ಸಪೋರ್ಟ್ ಅಲ್ವಾ" ಅಂತ ಕೇಳಿದೆಯಂತೆ. ಇಬ್ಬರು ಖುಷಿಯಿಂದ ಮಾತಾಡಿದರು, ಒಬ್ಬರು ಮಾತು ಬದಲಿಸಿದರು, ಇನ್ನೊಬ್ಬರು "ಅದು ನನ್ನ ಟೀಮ್ ಅಲ್ಲ" ಅಂದುಬಿಟ್ಟರು. "ಕೇಳಬಾರದ್ದು ಕೇಳಿದೆನಾ ಅಕ್ಕಾ?" ಅನ್ನೋದು ನಿನ್ನ ಪ್ರಶ್ನೆ.

ನೀನು ಕೇಳಿದ್ದು ತಪ್ಪಲ್ಲ. ಹತ್ತೊಂಬತ್ತು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಅದು ಇಲ್ಲಿ ಮನೆತನದ ಪ್ರಶ್ನೆ ಅಂತ ಗೊತ್ತಾಗೋಕೆ ಬಹಳ ದಿನ ಹಿಡಿಯಿತು.

ನಮ್ಮೂರಿನ ಲೆಕ್ಕ ಇಲ್ಲಿ ನಡೆಯಲ್ಲ. ಆರ್‌ಸಿಬಿ, ಚೆನ್ನೈ ಅಂತ ಎರಡು ತಿಂಗಳು ಕಿತ್ತಾಡಿದವರು ಇಂಡಿಯಾ ಮ್ಯಾಚ್ ಬಂದರೆ ಒಂದೇ ಟಿವಿ ಮುಂದೆ ಕೂತು ಕೂಗುತ್ತಾರೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಕ್ಲಬ್ಬು ಮೊದಲು, ದೇಶದ ಟೀಮ್ ಆಮೇಲೆ. ಕ್ಲಬ್ಬು ಅಜ್ಜ ಮುತ್ತಜ್ಜನ ಕಾಲದಿಂದ ಬಂದಿರುತ್ತದೆ.

ಸೆಲ್ಟಿಕ್ ಕ್ಲಬ್ಬನ್ನೇ ನೋಡು. ಹೊಟ್ಟೆಪಾಡಿಗೆ ಐರ್ಲೆಂಡಿನಿಂದ ಬಂದ ಕ್ಯಾಥೊಲಿಕ್ ಬಡವರು ಗ್ಲಾಸ್ಗೋದ ಪೂರ್ವಭಾಗದಲ್ಲಿ ಇದ್ದರು. ಅವರ ಮಕ್ಕಳ ಊಟಕ್ಕೆ ದುಡ್ಡು ಕೂಡಿಸಬೇಕು ಅಂತ ಬ್ರದರ್ ವಾಲ್‌ಫ್ರಿಡ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿ 1887ರಲ್ಲಿ ಕಟ್ಟಿದ ಕ್ಲಬ್ಬು ಅದು. ಇವತ್ತಿಗೂ ಅವರ ಮೈದಾನದ ಮೇಲೆ ಐರ್ಲೆಂಡಿನ ಬಾವುಟ ಹಾರುತ್ತದೆ. ಏಡನ್ ಮೆಕ್‌ಗೀಡಿ, ಜೇಮ್ಸ್ ಮೆಕಾರ್ಥಿ ಇಬ್ಬರೂ ಸ್ಕಾಟ್ಲೆಂಡಿನಲ್ಲೇ ಹುಟ್ಟಿದವರು, ಆಡಿದ್ದು ಮಾತ್ರ ಐರ್ಲೆಂಡಿಗೆ. ಅದಕ್ಕೆ ಇಲ್ಲಿನ ಮೈದಾನಗಳಲ್ಲಿ ಸಿಕ್ಕಾಪಟ್ಟೆ ಬೈಸಿಕೊಂಡರು. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಮುತ್ತಜ್ಜ ಐರ್ಲೆಂಡಿನ ಡೊನೆಗಾಲ್‌ನಿಂದ ಬಂದವರು. "ನಮ್ಮವರಿಗೆ ಒಂದು ಕಾಲದಲ್ಲಿ ಇಲ್ಲಿ ಕೆಲಸ ಕೊಡುತ್ತಿರಲಿಲ್ಲ. ಈಗ ಅವರ ಬಾವುಟ ಹಿಡಿ ಅಂದರೆ ಕೈ ಏಳಲ್ಲ" ಅಂತಾರೆ. ಅವರ ಮಗ ಸ್ಕಾಟ್ಲೆಂಡ್ ಮ್ಯಾಚಿಗೆ ಇಲ್ಲಿನ ಸಾಂಪ್ರದಾಯಿಕ ಉಡುಪು ಕಿಲ್ಟ್ ಹಾಕಿಕೊಂಡು ಹೋಗುತ್ತಾನೆ. ಒಂದೇ ಮನೆ, ಎರಡು ಮನಸ್ಸು.

ಗ್ಲಾಸ್ಗೋದ ಇನ್ನೊಂದು ದೊಡ್ಡ ಕ್ಲಬ್ಬು ರೇಂಜರ್ಸ್. ಅದರ ಕಡೆಯವರ ನೋವು ಬೇರೆ. ಅವರಲ್ಲಿ ಬಹಳ ಜನ ಪ್ರೊಟೆಸ್ಟೆಂಟರು, ಬ್ರಿಟನ್ ಒಂದಾಗಿರಬೇಕು ಅನ್ನುವವರು. ಹಿಂದೆಲ್ಲ ದೇಶದ ಟೀಮು ಆಡುವ ಹ್ಯಾಂಪ್ಡೆನ್ ಮೈದಾನದಲ್ಲಿ ಸ್ಕಾಟ್ಲೆಂಡಿಗೆ ಗಂಟಲು ಹರಿಯುವ ಹಾಗೆ ಕೂಗಿದವರಲ್ಲಿ ಇವರೂ ಇದ್ದರು. ಆಮೇಲೆ ಎರಡು ಏಟು ಬಿತ್ತು. 2012ರಲ್ಲಿ ರೇಂಜರ್ಸ್ ಕಂಪನಿ ದಿವಾಳಿಯಾಯಿತು. ಉಳಿದ ಕ್ಲಬ್ಬುಗಳು ಓಟು ಹಾಕಿದವು, ರೇಂಜರ್ಸ್ ನಾಲ್ಕನೇ ದರ್ಜೆಯಿಂದ ಮತ್ತೆ ಶುರು ಮಾಡಬೇಕಾಯಿತು. ಎರಡು ವರ್ಷ ಕಳೆದು, 2014ರ ಸೆಪ್ಟೆಂಬರ್ 18ಕ್ಕೆ, ಸ್ಕಾಟ್ಲೆಂಡ್ ಬ್ರಿಟನ್ ಬಿಟ್ಟು ಸ್ವತಂತ್ರವಾಗಬೇಕಾ ಅನ್ನೋ ಜನಮತ. ಶೇಕಡ 55 ಜನ ಬೇಡ ಅಂದರು, 45 ಜನ ಬೇಕು ಅಂದರು. ಆ ಮೇಲೆ ಸ್ಕಾಟ್ಲೆಂಡ್ ಬಾವುಟ ಹಿಡಿದವರನ್ನು ನೋಡಿದರೆ ಇವರು ಯಾವ ಕಡೆ ಅಂತ ಜನ ಲೆಕ್ಕ ಹಾಕತೊಡಗಿದರು. 2023ರಲ್ಲಿ ಇಂಗ್ಲೆಂಡ್ ಇಲ್ಲಿ ಆಡಲು ಬಂದಾಗ ಬ್ರಿಟನ್ ರಾಜನ ಗೀತೆ ಶುರುವಾಗುತ್ತಿದ್ದ ಹಾಗೆ ಹ್ಯಾಂಪ್ಡೆನ್‌ನಲ್ಲಿ ಜೋರಾಗಿ ಬೂ ಅಂದರು. ಆ ಗೀತೆಯನ್ನು ಪ್ರೀತಿಯಿಂದ ಹಾಡುವ ರೇಂಜರ್ಸ್ ಅಭಿಮಾನಿಗೆ ಆ ಜಾಗ ತನ್ನದು ಅನ್ನಿಸೋದು ಹೇಗೆ, ನೀನೇ ಹೇಳು.

ಅಬರ್ಡೀನ್, ಡಂಡೀ, ಕಿಲ್ಮಾರ್ನಾಕ್ ಕಡೆಯವರಿಗೆ ಈ ತೊಡಕು ಕಡಿಮೆ. ಟಾರ್ಟನ್ ಆರ್ಮಿ ಅಂತ ಕರೆಯುತ್ತಾರಲ್ಲ, ದೇಶದ ಟೀಮಿನ ಹಿಂದೆ ಊರೂರು ಸುತ್ತುವವರು, ಅವರಲ್ಲಿ ನಾನು ಕಂಡವರು ಜಾಸ್ತಿ ಇಂಥ ಊರಿನವರೇ. ಹೊರದೇಶಕ್ಕೆ ಮ್ಯಾಚ್ ನೋಡಲು ಹೋದಾಗ ಅಲ್ಲಿನ ಮಕ್ಕಳ ಸಂಸ್ಥೆಗಳಿಗೆ ದುಡ್ಡು ಕೊಟ್ಟು ಬರುತ್ತಾರೆ. ನನಗೆ ಅವರ ಮೇಲೆ ತುಂಬಾ ಗೌರವ.

ಇದೆಲ್ಲದರ ಮೇಲೆ ಸೋಲಿನ ಭಾರ ಇದೆ. 1978ರಲ್ಲಿ ಕೋಚ್ ಆಲಿ ಮೆಕ್‌ಲೌಡ್ ದೊಡ್ಡ ಆಸೆ ಹುಟ್ಟಿಸಿ ಟೀಮನ್ನು ವಿಶ್ವಕಪ್‌ಗೆ ಅರ್ಜೆಂಟೀನಾಕ್ಕೆ ಕರೆದುಕೊಂಡು ಹೋದರು. ಪೆರು ಎದುರು ಸೋತರು, ಇರಾನ್ ಎದುರು ಡ್ರಾ. ಆಮೇಲೆ ಅಷ್ಟು ದೊಡ್ಡ ಹಾಲೆಂಡನ್ನು 3-2ರಲ್ಲಿ ಸೋಲಿಸಿಯೂ ಗೋಲಿನ ಲೆಕ್ಕದಲ್ಲಿ ಹೊರಗೆ. 1998ರ ವಿಶ್ವಕಪ್ ಆದ ಮೇಲೆ ಗಂಡಸರ ಟೀಮು 23 ವರ್ಷ ಯಾವ ದೊಡ್ಡ ಕೂಟದಲ್ಲೂ ಇರಲಿಲ್ಲ. ನಾನು ಬಂದಾಗ ಆ ಒಣಗಾಲ ನಡೆಯುತ್ತಿತ್ತು. ಆಗ ಶಾಲೆಗೆ ಹೋಗುತ್ತಿದ್ದ ಹುಡುಗರು ಕಾಲೇಜು ಮುಗಿಸಿದರೂ ತಮ್ಮ ದೇಶ ವಿಶ್ವಕಪ್‌ನಲ್ಲಿ ಆಡಿದ್ದನ್ನು ಕಂಡಿರಲಿಲ್ಲ. ಹೀಗಾಗಿ ಕೆಲವರು ಮಾತು ಬದಲಿಸೋದು ಬೇಸರದಿಂದ ಅಲ್ಲ, ಮತ್ತೆ ಆಸೆ ಇಟ್ಟುಕೊಳ್ಳೋ ಭಯದಿಂದ.

ನಮ್ಮ ಪಕ್ಕದ ಮನೆಯ ಅಜ್ಜ ಹೇಳಿಕೇಳಿ ರೇಂಜರ್ಸ್ ಮನುಷ್ಯ. 2012ರಿಂದ ಹ್ಯಾಂಪ್ಡೆನ್ ಕಡೆ ತಲೆ ಹಾಕಿಲ್ಲ. 2025ರ ನವೆಂಬರ್ 18ರ ರಾತ್ರಿ ಡೆನ್ಮಾರ್ಕ್ ಜೊತೆ ಮ್ಯಾಚ್ ಇತ್ತು, ಗೆದ್ದರೆ ವಿಶ್ವಕಪ್‌ನಲ್ಲಿ ಆಡೋ ಅವಕಾಶ. ಶುರುವಾಗಿ ಮೂರು ನಿಮಿಷಕ್ಕೇ ಸ್ಕಾಟ್ಲೆಂಡಿನ ಮೆಕ್‌ಟಾಮಿನೆ ಗಾಳಿಯಲ್ಲಿ ಹಿಮ್ಮುಖವಾಗಿ ಮಲಗಿ ಗೋಲು ಹೊಡೆದ. ಡೆನ್ಮಾರ್ಕ್ ಎರಡು ಸಲ ಸಮ ಮಾಡಿತು. 2-2 ಇದ್ದಾಗ, ಮುಗಿಯೋ ಹೊತ್ತಿಗೆ, ಟಿಯರ್ನಿ ದೂರದಿಂದ ಹೊಡೆದದ್ದು ಒಳಗೆ ಹೋಯಿತು. ಟಿಯರ್ನಿ ಸೆಲ್ಟಿಕ್ ಹುಡುಗ. ಗೋಡೆಯ ಆಚೆಯಿಂದ ಅಜ್ಜ ಕಿರುಚಿದ್ದು ನನಗೆ ಕೇಳಿಸಿತು. ಆಮೇಲೆ ಮೆಕ್‌ಲೀನ್ ಅರ್ಧ ಮೈದಾನದಿಂದ ಹೊಡೆದು 4-2 ಮಾಡಿದಾಗ ಬಾಗಿಲು ಬಡಿದರು. ಚಪ್ಪಲಿಯಿಲ್ಲದೆ ಚಳಿಯಲ್ಲಿ ನಿಂತಿದ್ದರು, ಕಣ್ಣಲ್ಲಿ ನೀರು. "ನನ್ನ ಅಪ್ಪ ಇರಬೇಕಿತ್ತು" ಅಂದರು, ಅಷ್ಟೇ. ಒಳಗೆ ಕರೆದು ಚಹಾ ಮಾಡಿಕೊಟ್ಟೆ. ಮರುವಾರ ಕೇಳಿದರೆ ಹ್ಯಾಂಪ್ಡೆನ್‌ಗೆ ಹೋಗಲ್ಲ ಅಂತ ಮೊದಲಿನ ಮಾತನ್ನೇ ಹೇಳಿದರು. ಆ ರಾತ್ರಿಯೂ ನಿಜ, ಈ ಮಾತೂ ನಿಜ ಅಂತ ನಾನು ನಂಬುತ್ತೇನೆ.

ಇನ್ನು ನಿನಗೆ ಬೇಕಾದ ಮಾತು. "ಯಾವ ಟೀಮು?" ಅಂತ ಯಾರಾದರೂ ಕೇಳಿದರೆ ಕೆಲವೊಮ್ಮೆ ಅದರ ಒಳಗೆ "ಯಾವ ಮತ?" ಅನ್ನೋದು ಇರುತ್ತದೆ. "ಯಾವ ಶಾಲೆಗೆ ಹೋಗಿದ್ದೆ?" ಅನ್ನೋದೂ ಹಾಗೇ, ಯಾಕಂದರೆ ಇಲ್ಲಿ ಕ್ಯಾಥೊಲಿಕ್ ಸರ್ಕಾರಿ ಶಾಲೆಗಳೇ ಬೇರೆ ಇವೆ. ಸೆಲ್ಟಿಕ್ ರೇಂಜರ್ಸ್ ಮ್ಯಾಚಿನ ದಿನ ಸೆಲ್ಟಿಕ್‌ನ ಹಸಿರು ಬಿಳಿ ಪಟ್ಟೆಯದ್ದು ಅಥವಾ ರೇಂಜರ್ಸ್‌ನ ನೀಲಿ ಜೆರ್ಸಿ ಹಾಕಿಕೊಂಡು ಓಡಾಡಬೇಡ. ಕ್ಲಬ್ಬಿನ ಬಣ್ಣ ಹಾಕಿ ಬಂದವರನ್ನು ಎಷ್ಟೋ ಪಬ್ಬುಗಳು ಒಳಗೇ ಬಿಡಲ್ಲ. ಸ್ಕಾಟ್ಲೆಂಡ್ ಜೆರ್ಸಿ ಕೊಳ್ಳಬೇಕು ಅನ್ನಿಸಿದರೆ ಧಾರಾಳವಾಗಿ ಕೊಂಡುಕೋ. ಅಜ್ಜನ ಕಾಲದ ಜಗಳ ನಮಗಿಲ್ಲ, ಯಾರೂ ತಪ್ಪು ತಿಳಿಯಲ್ಲ. ಆದರೆ "ಅದು ನನ್ನ ಟೀಮ್ ಅಲ್ಲ" ಅಂದವರನ್ನು ಯಾಕೆ ಅಂತ ಕೆದಕಬೇಡ. ಸ್ನೇಹ ಬೆಳೆದ ಮೇಲೆ ಅವರೇ ಹೇಳುತ್ತಾರೆ.

ಕ್ಲಬ್ಬು ಬೇಕೇ ಬೇಕು ಅಂದರೆ ಪಾರ್ಟಿಕ್ ಥಿಸಲ್ ಇದೆ, ನಾವು ಮನೆಮಂದಿ ಹೋಗೋದು ಅಲ್ಲಿಗೇ. ಅವರ ಬಣ್ಣ ಹಳದಿ ಕೆಂಪು, ನಮ್ಮ ಬಾವುಟದ್ದೇ. ಮೊದಲ ಸಲ ಆ ಮೈದಾನ ನೋಡಿದಾಗ ನವೆಂಬರ್ ಒಂದರ ನೆನಪಾಗಿ ಎದೆ ತುಂಬಿ ಬಂದಿತ್ತು. ಶನಿವಾರ ಮೂರು ಗಂಟೆಗೆ ಮ್ಯಾಚ್ ಇರುತ್ತೆ. ಎರಡಕ್ಕೆ ನಮ್ಮನೆಗೆ ಬಾ, ಚಿತ್ರಾನ್ನ ತಿಂದು ಹೊರಡೋಣ. ದಪ್ಪ ಸಾಕ್ಸ್ ಹಾಕಿಕೊಂಡು ಬಾ.