ಒರೆಗಾನ್‌ನ ಎತ್ತರದ ಮರುಭೂಮಿಯಲ್ಲಿ ನೋಡೋಕೆ ಏನಿದೆ?

ಬರೀ ಒಣನೆಲ ಅಂತ ಬಿಟ್ಟುಬಿಡಬೇಡಿ. ಅಮೆರಿಕದ ಒರೆಗಾನ್ ರಾಜ್ಯದ ಕ್ರಿಸ್ಮಸ್ ವ್ಯಾಲಿ ಕಡೆ ಹೋದರೆ ಮೊದಲು ‘ಕ್ರ್ಯಾಕ್ ಇನ್ ದ ಗ್ರೌಂಡ್’ ನೋಡಿ. ಹೆಸರೇ ಹೇಳುವಂತೆ ಅದು ನೆಲದ ಬಿರುಕು. 3 ಕಿಲೋಮೀಟರ್‌ಗೂ ಜಾಸ್ತಿ ಉದ್ದ, ಕೆಲವೆಡೆ ಸುಮಾರು 20 ಮೀಟರ್ ಆಳ. ಒಳಗಿಳಿದು ನಡೆಯಬಹುದು. ಇಕ್ಕಟ್ಟಾದ ಕಡೆ ಕಪ್ಪು ಲಾವಾ ಗೋಡೆಗೆ ಭುಜ ಉಜ್ಜುತ್ತದೆ. ಮೇಲೆ ಸುಡುಬಿಸಿಲು, ಕೆಳಗೆ ತಣ್ಣಗೆ! ತಂಪು ಗಾಳಿ ಭಾರ ಅಲ್ವಾ, ತಳದಲ್ಲೇ ಕೂರುತ್ತದೆ. ಹಿಂದೆ ಇಲ್ಲಿ ನೆಲೆಸಿದ್ದವರು ಬಿರುಕಿನಲ್ಲಿ ಸಿಗುತ್ತಿದ್ದ ಮಂಜುಗಡ್ಡೆಯಿಂದ ಬೇಸಿಗೆಯಲ್ಲೂ ಐಸ್‌ಕ್ರೀಂ ಮಾಡುತ್ತಿದ್ದರಂತೆ.

ಆಮೇಲೆ ಫೋರ್ಟ್ ರಾಕ್. ಕೋಟೆಯಂತೆ ಕಾಣುವ ಈ ಬಂಡೆಯುಂಗುರ ಜ್ವಾಲಾಮುಖಿಯದ್ದು. ಹತ್ತಿರದ ಗುಹೆಯಲ್ಲಿ 1938ರಲ್ಲಿ ಗಿಡದ ತೊಗಟೆಯಿಂದ ಹೆಣೆದ ಚಪ್ಪಲಿಗಳು ಸಿಕ್ಕವು. ವಯಸ್ಸು 9,000 ವರ್ಷಕ್ಕೂ ಜಾಸ್ತಿ!

ನೀರು, ಪೆಟ್ರೋಲ್ ಮೊದಲೇ ತುಂಬಿಸಿಕೊಳ್ಳಿ. ಊರುಗಳು ದೂರ ದೂರ.