ಹನ್ನೆರಡು ಹೆಜ್ಜೆಗೊಂದು ಮುದ್ದಾಂ ಟಪಾಲು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಮೊದಲ ಸಲ ಅಯ್ಯೋ ಪಾಪ ಅನ್ನಿಸಿತು. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ನಮ್ಮಪ್ಪ ನೆನಪಾದರು. ಅಪ್ಪನ ವಿಷಯ ಆಮೇಲೆ ಹೇಳುತ್ತೇನೆ.

ಬರೆದವರು ಶಿವಮೊಗ್ಗದವರು. ವಯಸ್ಸು 48. ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ 22 ವರ್ಷದ ಸೇವೆ. ಯಾವ ವಿಶ್ವವಿದ್ಯಾಲಯ ಅಂತ ಅವರು ಬರೆದಿದ್ದಾರೆ, ನಾನು ಬರೆಯುವುದಿಲ್ಲ. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆಗಿ ಸೇರಿದವರು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆಗಿ, ಅಧೀಕ್ಷಕರಾಗಿ, ಕಳೆದ ವರ್ಷ ಸಹಾಯಕ ಕುಲಸಚಿವರಾಗಿದ್ದಾರೆ, ಅಂದರೆ ಅಸಿಸ್ಟೆಂಟ್ ರಿಜಿಸ್ಟ್ರಾರ್. ಸೇರಿದ ದಿನದಿಂದ ಮಧ್ಯಾಹ್ನದ ಊಟ ಒಂದೇ ಮೇಜಿನ ಸುತ್ತ, ಐದು ಡಬ್ಬಿ, ಐದು ಜನ. ಅವರಲ್ಲಿ ಒಬ್ಬರು ಇವರಿಗಿಂತ ಹಿರಿಯರು. ಟಿಪ್ಪಣಿ ಬರೆಯುವುದು ಹೇಗೆ, ಕಡತಕ್ಕೆ ಪುಟಸಂಖ್ಯೆ ಹಾಕುವುದು ಹೇಗೆ, ಆಡಿಟ್‌ನವರು ಬಂದಾಗ ಎಷ್ಟು ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು, ಎಲ್ಲ ಕಲಿಸಿಕೊಟ್ಟವರು. ಪತ್ರದುದ್ದಕ್ಕೂ ಅವರನ್ನು 'ಅಕ್ಕ' ಎಂದೇ ಬರೆದಿದ್ದಾರೆ. ನಾನೂ ಹಾಗೇ ಬರೆಯುತ್ತೇನೆ.

ಮುಂಬಡ್ತಿ ಅಕ್ಕನಿಗೆ ಬರಲಿಲ್ಲ, ಇವರಿಗೆ ಬಂತು. ಹಿರಿತನದ ಪಟ್ಟಿ, ಇಲಾಖಾ ಪರೀಕ್ಷೆ ಅಂತ ಅದರ ಲೆಕ್ಕವೇ ಒಂದೂವರೆ ಪುಟ ಇದೆ. ಬಿಟ್ಟುಬಿಡೋಣ. ಅದರಿಂದ ಏನೂ ಕೆಡಲಿಲ್ಲ, ಅಕ್ಕನೇ ಮೈಸೂರುಪಾಕು ತಂದು ಹಂಚಿದ್ದರಂತೆ. ಕೆಟ್ಟಿದ್ದು ಆಮೇಲೆ. ಒಂದು ಕಾಲೇಜಿನ ರಿಪೀಟರ್ಸ್‌ಗಳ ಇಂಟರ್ನಲ್ ಅಂಕಗಳ ಲಕೋಟೆ ಅಕ್ಕನ ಡ್ರಾಯರಿನಲ್ಲಿ ಮೂರು ವಾರ ಉಳಿದುಹೋಯಿತು. 61 ಮಕ್ಕಳ ಫಲಿತಾಂಶ ತಡೆಹಿಡಿಯಬೇಕಾಯಿತು. ಮೇಲಿನಿಂದ ಆದೇಶ ಬಂತು, ಅಕ್ಕನಿಗೆ ಕಾರಣ ಕೇಳಿ ನೋಟಿಸ್ ಹೋಯಿತು. ಕೆಳಗೆ ಸಹಿ ಇವರದು.

ಅವತ್ತಿನಿಂದ ಅಕ್ಕ ಮಾತು ಬಿಟ್ಟಿದ್ದಾರೆ. ಉಳಿದ ಮೂವರು 'ಮೇಡಂ' ಅನ್ನತೊಡಗಿದ್ದಾರೆ. ಇವರ ಊಟ ಈಗ ಚೇಂಬರಿನಲ್ಲಿ, ಬಾಗಿಲು ಹಾಕಿಕೊಂಡು. ಪ್ರಾಧ್ಯಾಪಕರ ಜೊತೆ ಕೂರೋಣವೆಂದರೆ ಅವರಿಗೆ ಇವರು 'ಆಫೀಸಿನವರು'. ನಾಲ್ಕು ತಿಂಗಳಾಯಿತು. ಹಿಂಬಡ್ತಿ ಕೇಳಲೇ? ಬೇರೆ ವಿಭಾಗಕ್ಕೆ ಹೋಗಲೇ? ನೋಟಿಸ್ ವಾಪಸ್ ಪಡೆಯಲು ದಾರಿ ಇದೆಯೇ? ಇವು ಪತ್ರದ ಕೊನೆಯ ಮೂರು ಪ್ರಶ್ನೆಗಳು.

ಮೂರಕ್ಕೂ ಉತ್ತರ ಕೊಡುತ್ತೇನೆ. ಅದಕ್ಕಿಂತ ಮೊದಲು ಒಂದು ಸಾಲು ನಿಮಗೇ ಓದಿ ಹೇಳಬೇಕು. "ನೋಟಿಸನ್ನು ನಿಯಮದಂತೆ ಮುದ್ದಾಂ ಮೂಲಕ ತಲುಪಿಸಲಾಯಿತು." ನಾಲ್ಕು ಪುಟದುದ್ದಕ್ಕೂ ನಾನು ಅತ್ತೆ, ನಾನು ನೊಂದೆ, ನನಗೆ ನಿದ್ದೆ ಬರಲಿಲ್ಲ ಅಂತ ಬರೆದವರು ಈ ಒಂದು ಕಡೆ ಮಾತ್ರ 'ತಲುಪಿಸಲಾಯಿತು' ಅಂದಿದ್ದೀರಿ. ಯಾರು ತಲುಪಿಸಿದ್ದು? ಕಚೇರಿಯ ಕನ್ನಡಕ್ಕೆ ಇದೊಂದು ಉಪಕಾರ ಗೊತ್ತು. 'ಸಲಾಯಿತು' ಅಂದುಬಿಟ್ಟರೆ ಮಾಡಿದವರು ಯಾರೂ ಇರುವುದಿಲ್ಲ.

ಕಚೇರಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದೇ ಊರಿಗೆ, ಅದೇ ಕಟ್ಟಡಕ್ಕೆ ಹೋಗುವ ಕಾಗದಕ್ಕೆ ಅಂಚೆಚೀಟಿ ಯಾಕೆ ದಂಡ ಅಂತ ಅಟೆಂಡರ್ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಜೊತೆಗೊಂದು ಪುಸ್ತಕ ಇರುತ್ತದೆ. ತಗೊಂಡವರು ಅದರಲ್ಲಿ ಸಹಿ ಹಾಕಬೇಕು. ಅದಕ್ಕೆ ಮುದ್ದಾಂ ಅನ್ನುತ್ತಾರೆ. ನಿಮ್ಮದೇ ಎರಡನೇ ಪುಟದಲ್ಲಿದೆ, ನಿಮ್ಮ ಚೇಂಬರಿನಿಂದ ಅಕ್ಕನ ಮೇಜಿಗೆ ಹನ್ನೆರಡು ಹೆಜ್ಜೆ. ಮೂರನೇ ಪುಟದಲ್ಲಿದೆ, ಅಟೆಂಡರ್ ಹೋಗಿದ್ದು ಊಟದ ಹೊತ್ತಿಗೆ. "ಮೇಡಂ ನೋಟಿಸ್ ಕಳಿಸಿದಾರೆ, ಇಲ್ಲಿ ಸೈನ್ ಹಾಕಿ" ಅಂದನಂತೆ. ಅಕ್ಕ ಊಟ ಅರ್ಧಕ್ಕೆ ಬಿಟ್ಟು, ಕೈ ತೊಳೆದು ಬಂದು ಸಹಿ ಹಾಕಿದರಂತೆ. ಸುತ್ತ ಮೂವರು ನೋಡುತ್ತಿದ್ದರು. ಐದನೇ ಕುರ್ಚಿ ಖಾಲಿ ಇತ್ತು, ಯಾಕೆಂದರೆ ನಿಮಗೆ ಅವತ್ತು 'ಅರ್ಜೆಂಟ್ ಕೆಲಸ' ಇತ್ತು.

ಅಲ್ಲ ತಾಯಿ, ಹನ್ನೆರಡು ಹೆಜ್ಜೆ!

ಈಗ ಅಪ್ಪನ ವಿಷಯ. ತೀರ್ಥಹಳ್ಳಿ ಕಡೆಯ ನಮ್ಮ ನೆಂಟರೊಬ್ಬರು ಮಗಳ ಮದುವೆ ಕಾಗದವನ್ನು ಅಂಚೆಗೆ ಹಾಕಿದ್ದರು. ಜಡಿಮಳೆ, ಹಳ್ಳದ ಮೇಲಿನ ಸಾರ, ಅಂದರೆ ಕಾಲುಸಂಕ, ದಾಟಲು ಆಗುತ್ತಿರಲಿಲ್ಲ, ಕಾರಣ ಇತ್ತು. ಅಪ್ಪ ಕಾಗದ ಓದಿ ಗೂಟಕ್ಕೆ ಸಿಕ್ಕಿಸಿದರು. ಮದುವೆ ದಿನ ಅಮ್ಮ ಹೊರಡೋಣ ಅಂದರೆ, "ಕರೆದಿದ್ದು ಪೋಸ್ಟ್‌ಮ್ಯಾನ್. ಅವನ ಮನೆ ಮದುವೆ ಆದಾಗ ಹೋಗೋಣ" ಅಂದರು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮನೆಯಿಂದ ಮನೆಗೆ ಅರ್ಧ ಮೈಲಿ, ನಡುವೆ ಗದ್ದೆ, ತೋಟ, ಹಳ್ಳ. ಆದರೂ ಒಳ್ಳೆ ಸುದ್ದಿಯನ್ನೂ ಕೆಟ್ಟ ಸುದ್ದಿಯನ್ನೂ ಕಾಲಲ್ಲಿ ನಡೆದುಹೋಗಿ ಹೇಳಬೇಕು. ಅಪ್ಪನದು ಅತಿಯಾಯಿತು ಅಂತ ನನಗೂ ಗೊತ್ತು. ಆದರೆ ಆ ಹಠ ನನಗೂ ಬಂದಿದೆ, ಈ ಅಂಕಣ ಓದುವವರಿಗೆ ಅದು ಹೊಸದಲ್ಲ.

ಹಾಗಂತ ನಿಮ್ಮೊಬ್ಬರ ಮೇಲೇ ಸಿಟ್ಟಿಲ್ಲ. ಜಾಸ್ತಿ ಸಿಟ್ಟು ಬಂದಿರುವುದು ಪತ್ರದಲ್ಲಿ ಎರಡೇ ಸಾಲಿಗೆ ಬಂದು ಹೋಗುವ ನಿಮ್ಮ ಉಪಕುಲಸಚಿವರ ಮೇಲೆ. ನೀವೇ ಕೊಟ್ಟುಬರುತ್ತೇನೆ ಅಂತ ಎದ್ದಾಗ ತಡೆದವರು ಅವರು. "ನೀವೀಗ ಆಫೀಸರ್. ನೀವೇ ಹೋಗಿ ಕೊಟ್ಟರೆ ಕುರ್ಚಿಯ ಮರ್ಯಾದೆ ಏನಾಗಬೇಕು?" ಅಂದರಂತೆ. ನಾಳೆ ಒಂದೂವರೆಗೆ ಅವರ ಕೋಣೆ ಕಡೆ ಒಮ್ಮೆ ಇಣುಕಿ ನೋಡಿ. ಅವರ ಜೊತೆ ಊಟಕ್ಕೆ ಯಾರು ಕೂತಿದ್ದಾರೆ ಅಂತ ನೋಡಿ ಬನ್ನಿ. ಇಂಥವರು ಪ್ರತಿ ಕಚೇರಿಯಲ್ಲೂ ಒಬ್ಬರು ಇರುತ್ತಾರೆ. ತಮಗೆ ಬಂದ ಒಂಟಿತನವನ್ನೇ ಶಿಸ್ತು ಅಂತ ಕಿರಿಯರಿಗೆ ದಾಟಿಸುತ್ತಾರೆ.

ನಿಮ್ಮ ಜಾಗದಲ್ಲಿ ಈ ಊಟದ ಮೇಜು ಯಾಕೆ ದೊಡ್ಡದು ಅಂತ ಅವರಿಗೆ ತಿಳಿದಂತಿಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಅನ್ನುವ ಕಾಯ್ದೆಯ ಪ್ರಕಾರ ಕುಲಪತಿಗಳ ಅವಧಿ 4 ವರ್ಷ. ಕುಲಸಚಿವರನ್ನು ಸರ್ಕಾರ ಕಳಿಸುತ್ತದೆ, ಸರ್ಕಾರವೇ ಕರೆಸಿಕೊಳ್ಳುತ್ತದೆ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸದಸ್ಯರು ಬದಲಾಗುತ್ತಾರೆ. ಘಟಿಕೋತ್ಸವದಲ್ಲಿ ಗೌನು ಹಾಕಿಕೊಂಡು ನಡೆಯುವವರು ವರ್ಷ ವರ್ಷ ಬೇರೆ. ಪದವಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ತಪ್ಪಾಗದಂತೆ ರಾತ್ರಿ ಎಂಟರವರೆಗೆ ಕೂತು ನೋಡುವವರು ಮಾತ್ರ ಅದೇ ಐದು ಜನ. ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ರಾತ್ರಿ ಫೈಲು ಜೋಡಿಸಿದವರು, ಒಬ್ಬರ ಮಗುವಿಗೆ ಜ್ವರ ಬಂದಾಗ ಇನ್ನೊಬ್ಬರ ಕೌಂಟರಿನಲ್ಲಿ ಕೂತವರು. ಪ್ರಾಧ್ಯಾಪಕರಿಗೆ ಅವರ ವಿಷಯದ ಬಳಗ ಬೇರೆ ಊರುಗಳಲ್ಲೂ ಇರುತ್ತದೆ. ನಿಮಗೆ ಇರುವುದು ಈ ಮೇಜು.

ಅಕ್ಕನ ತಪ್ಪಿನ ಬಗ್ಗೆಯೂ ಒಂದು ಮಾತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) ದೇಶದಲ್ಲಿ ಮೊದಲು ಜಾರಿ ಮಾಡಿದ ರಾಜ್ಯ ನಮ್ಮದು, 2021-22ರಲ್ಲಿ. ಅದರ ನಾಲ್ಕು ವರ್ಷದ ಪದವಿ ಬಿಟ್ಟು 2024-25ಕ್ಕೆ ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಘೋಷಣೆ ಮಾಡುವವರಿಗೆ ಅದು ಒಂದು ದಿನದ ಸುದ್ದಿ. ಪರೀಕ್ಷಾ ವಿಭಾಗಕ್ಕೆ? ಹಳೆ ಸ್ಕೀಮಿನ ರಿಪೀಟರ್ಸ್ ಒಂದು ಕಡೆ, ಎನ್‌ಇಪಿ ಬ್ಯಾಚು ಒಂದು ಕಡೆ, ಹೊಸ ಸ್ಕೀಮು ಇನ್ನೊಂದು ಕಡೆ. ಒಂದಷ್ಟು ಅಂಕ ವಿಶ್ವವಿದ್ಯಾಲಯ, ಕಾಲೇಜುಗಳಿಗೆಂದೇ ಇರುವ ಯುಯುಸಿಎಂಎಸ್ ತಂತ್ರಾಂಶದಲ್ಲಿ, ಒಂದಷ್ಟು ಕಾಗದದಲ್ಲಿ. 55 ದಾಟಿದ ಹೆಂಗಸು ಮೂರು ಬಗೆಯ ಅಂಕಪಟ್ಟಿ ಒಟ್ಟಿಗೆ ಸಂಭಾಳಿಸುವಾಗ ಒಂದು ಲಕೋಟೆ ಮರೆತರೆ ನನಗೇನೂ ಆಶ್ಚರ್ಯವಿಲ್ಲ. ಆದರೆ ಆ 61 ಮಕ್ಕಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅವರಲ್ಲಿ ಇಬ್ಬರಿಗೆ ಬಿಎಡ್ ಸೀಟು ತಪ್ಪಿತು ಅಂತ ನೀವೇ ಬರೆದಿದ್ದೀರಿ. ಅದಕ್ಕೇ ನೋಟಿಸ್ ಸರಿ ಇತ್ತು. ವಾಪಸ್ ಪಡೆಯುವ ಮಾತೇ ಬೇಡ. ಅಕ್ಕ ಲಿಖಿತ ಉತ್ತರ ಕೊಟ್ಟಾಗಿದೆ, ತಪ್ಪು ಒಪ್ಪಿಕೊಂಡಿದ್ದಾರೆ, ಕಡತ ಮುಗಿದಿದೆ.

ಹಿಂಬಡ್ತಿ ಬೇಡ. ನಿಮ್ಮ ಕುರ್ಚಿಯಲ್ಲಿ ಯಾರು ಬಂದು ಕೂರುತ್ತಾರೆ ಅಂತ ಯೋಚಿಸಿದ್ದೀರಾ? ಅದೇ ಉಪಕುಲಸಚಿವರ ಇನ್ನೊಬ್ಬ ಶಿಷ್ಯ. ಬೇರೆ ವಿಭಾಗವೂ ಬೇಡ, ಅಲ್ಲಿಯೂ ಅಟೆಂಡರ್ ಇರುತ್ತಾನೆ, ಮುದ್ದಾಂ ಪುಸ್ತಕ ಇರುತ್ತದೆ.

ಮಾಡಬೇಕಾದದ್ದು ಒಂದೇ. ಹೋಗಿ. ಒಂದೂವರೆಗೆ ಡಬ್ಬಿ ತಗೊಂಡು ಆ ಹನ್ನೆರಡು ಹೆಜ್ಜೆ ನಡೆದು ಐದನೇ ಕುರ್ಚಿಯಲ್ಲಿ ಕೂತುಕೊಳ್ಳಿ. ಅಕ್ಕನನ್ನು ನಿಮ್ಮ ಚೇಂಬರಿಗೆ ಕರೆಸಬೇಡಿ, ಅದು ಎರಡನೇ ನೋಟಿಸ್ ಆಗುತ್ತದೆ. ವಾಟ್ಸಾಪ್‌ನಲ್ಲಿ 'ಮಾತಾಡಬೇಕಿತ್ತು ಅಕ್ಕ' ಅಂತ ಹಾಕಬೇಡಿ, ಅದೂ ಮುದ್ದಾಂ ಟಪಾಲೇ, ನೀಲಿ ಟಿಕ್ಕು ಅಂದರೆ ಸ್ವೀಕೃತಿ ಸಹಿ. ಹೇಳಬೇಕಾದ್ದು ಇಷ್ಟೇ: "ನೋಟಿಸ್ ಕೊಡಲೇಬೇಕಿತ್ತು ಅಕ್ಕ. ನಾನೇ ತಂದು ಕೊಡಬೇಕಿತ್ತು." ಮೊದಲ ವಾಕ್ಯ ಬಿಟ್ಟು ಎರಡನೆಯದನ್ನು ಮಾತ್ರ ಹೇಳಿದರೆ ಸುಳ್ಳಾಗುತ್ತದೆ. ಮೊದಲನೆಯದನ್ನು ಮಾತ್ರ ಹೇಳಿದರೆ ಮತ್ತೆ ಮೇಡಂ ಆಗುತ್ತೀರಿ. ಉಪಕುಲಸಚಿವರ ಹೆಸರು ಎತ್ತಬೇಡಿ. ಅವರನ್ನು ಬೈಯುವ ಕೆಲಸ ನನಗೆ ಬಿಡಿ.

ಅವರು ತಕ್ಷಣ ಮಾತಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಎದ್ದು ಹೋದರೂ ಹೋಗಬಹುದು. ಮಾಹಿತಿ ಹಕ್ಕಿನ ಅರ್ಜಿ ಹಾಕಿದವರಿಗೇ ಕಚೇರಿಯವರು 30 ದಿನ ಕಾಯಿಸುತ್ತೀರಿ. ನಾಲ್ಕು ತಿಂಗಳು ಸುಮ್ನೆ ಇದ್ದವರು ನೀವು, ಅಕ್ಕನಿಗೆ ಅಷ್ಟಾದರೂ ಕಾಲ ಕೊಡಿ. ಮರುದಿನವೂ ಅದೇ ಕುರ್ಚಿಯಲ್ಲಿ ಕೂತು ಊಟ ಮಾಡಿ.

ಡಬ್ಬಿಯಲ್ಲಿ ಏನಿರಬೇಕು ಅಂತ ನಾನು ಹೇಳಬೇಕಿಲ್ಲ. ನಿಮ್ಮ ಮನೆ ಪತ್ರೊಡೆ ಅಂದರೆ ಅಕ್ಕನಿಗೆ ಪ್ರಾಣ ಅಂತ ಮೊದಲ ಪುಟದಲ್ಲೇ ಬರೆದಿದ್ದೀರಿ. ಮಳೆ ಹಿಡಿದಿದೆ, ಕೆಸುವಿನ ಎಲೆ ಬೇಕಾದಷ್ಟು ಸಿಗುತ್ತದೆ. ಹುಣಸೆಹುಳಿ ಸ್ವಲ್ಪ ಜಾಸ್ತಿ ಹಾಕಿ, ಮಾತಾಡುವ ಹೊತ್ತಿಗೆ ಗಂಟಲು ತುರಿಸಬಾರದು. ಸೋಮವಾರ ಬೇಡ, ಅವತ್ತು ಟಪಾಲು ಜಾಸ್ತಿ. ಮಂಗಳವಾರ ಹೋಗಿ.